ಬೆಲೆ: ಒಂದು ರಾತ್ರಿಯ ಮಂದೆ

ಗೌರಕ್ಕನ ಫೋನಿಗೆ ಸಿಗ್ನಲ್ ಬೇಕಾದರೆ ಅವಳು ಏನನ್ನಾದರೂ ಹತ್ತಬೇಕು. ಬಂಡೆ ಸಿಕ್ಕರೆ ಬಂಡೆ, ಬದು ಸಿಕ್ಕರೆ ಬದು, ಎರಡೂ ಇಲ್ಲದಿದ್ದರೆ ಗಂಡನ ಟಿವಿಎಸ್ಸಿನ ಸೀಟು. ಅವತ್ತು ಬೆಳಿಗ್ಗೆ, ಪುರವರಕ್ಕೆ ಇನ್ನೂ ಎರಡು ಮೈಲಿ ಇರುವಾಗ, ಅವಳು ಹುಣಸೆಮರದ ಬುಡದ ಗುಂಡುಕಲ್ಲಿನ ಮೇಲೆ ನಿಂತಿದ್ದಳು. ಕೆಳಗೆ ನೂರ ನಲವತ್ತು ಕುರಿ ಕೊಯ್ದ ರಾಗಿ ಹೊಲದ ಕೂಳೆ ಮೇಯುತ್ತಿದ್ದವು. ಮಗಳು ಚಿತ್ರಾ ಕೋಲು ಊರಿಕೊಂಡು ಏನೋ ಗುನುಗುತ್ತಿದ್ದಳು. ದೂರದಿಂದ ಕೇಳಿದವರು ಹಾಡು ಎನ್ನಬೇಕು. ಹತ್ತಿರ ಹೋದರೆ ಹೈಡ್ರೋಜನ್, ಹೀಲಿಯಂ, ಲೀಥಿಯಂ.

ಮಾರ್ಚಿಗೆ ಎರಡೇ ತಿಂಗಳಿತ್ತು. ಹದಿನೈದು ತುಂಬಿದ ಚಿತ್ರಾ ಎಸ್ಸೆಲ್ಸಿಗೆ ಖಾಸಗಿಯಾಗಿ ಕಟ್ಟಿದ್ದಳು. ಅರ್ಜಿ ಹೋಗಿತ್ತು, ಫೀಸು ಹೋಗಿತ್ತು. ಪುಸ್ತಕ ಮಾತ್ರ ಇರಲಿಲ್ಲ. ಸರ್ಕಾರ ಪುಸ್ತಕವನ್ನು ಪುಕ್ಕಟೆ ಕೊಡುತ್ತದೆ, ನಿಜ. ಆದರೆ ಶಾಲೆಯ ಹಾಜರಿಯಲ್ಲಿ ಹೆಸರಿರುವ ಮಕ್ಕಳಿಗೆ. ಫೋನಿನಲ್ಲೂ ಪುಸ್ತಕ ಇಳಿಸಿಕೊಳ್ಳಬಹುದು, ಅದೂ ನಿಜ. ಒಡೆದ ಗಾಜಿನ ಕೆಳಗೆ ಇರುವೆ ಸಾಲಿನಂಥ ಅಕ್ಷರ, ಟಿವಿಎಸ್ಸಿಗೆ ಕಟ್ಟಿದ ಅಂಗೈಯಗಲ ಸೋಲಾರ್ ಹಲಗೆ, ಮೋಡ ಬಂದರೆ ಪಾಠ ಬಂದ್. ಹಾಗೆ ಓದಿಯೇ ಅವಳು ವಿಜ್ಞಾನ, ಸಮಾಜ, ಕನ್ನಡ ಮುಗಿಸಿದ್ದಳು. ಗಣಿತ ಮಾತ್ರ ಹಾಗೆ ಹತ್ತುವಂಥದ್ದಲ್ಲ. ಗಣಿತಕ್ಕೆ ಕಾಗದ ಬೇಕು, ತಪ್ಪು ಮಾಡಿ ಅಳಿಸಬೇಕು, ಪಕ್ಕದಲ್ಲಿ ಗೊತ್ತಿದ್ದವರೊಬ್ಬರು ಇರಬೇಕು. ಗೌರಕ್ಕನೇ ಇಪ್ಪತ್ತು ವರ್ಷದ ಕೆಳಗೆ ಎಸ್ಸೆಲ್ಸಿ ಗಣಿತದಲ್ಲಿ ಡುಮ್ಕಿ ಹೊಡೆದವಳು. ಆ ಡುಮ್ಕಿಯ ನಂತರ ಅವಳಿಗೆ ಮದುವೆಯಾಯಿತು, ಇನ್ನೇನೂ ಆಗಲಿಲ್ಲ. ಮಗಳಿಗೂ ಅದೇ ಆಗಕೂಡದು. ಗಣಿತ ದಾಟಿದರೆ ಪಿಯುಸಿ, ನಿಂತರೆ ಒಲೆ. ಅವಳ ತಲೆಯೊಳಗೆ ಇದ್ದದ್ದು ಇದೊಂದೇ ಲೆಕ್ಕ.

ಅವರದು ಪಟ್ಟನಾಯಕನಹಳ್ಳಿ ಕಡೆಯ ಒಂದು ಕುರಿಗಾರರ ಹಟ್ಟಿ. ಸುಗ್ಗಿ ಮುಗಿದ ಕೂಡಲೇ ಹೊರಟರೆ ಮುಂಗಾರು ಬೀಳುವ ತನಕ ಶಿರಾ, ಮಧುಗಿರಿ, ಕೊರಟಗೆರೆ ಎಂದು ಹೊಲದಿಂದ ಹೊಲಕ್ಕೆ ನಡೆಯುವುದೇ ಬದುಕು. ಹಗಲೆಲ್ಲ ಮೇವು, ಕತ್ತಲಾದರೆ ಯಾರದೋ ಹೊಲದಲ್ಲಿ ಮಂದೆ. ಬಲೆ ಕಟ್ಟಿ ಅಷ್ಟೂ ಕುರಿಯನ್ನು ಒಂದೇ ತಾವು ಮಲಗಿಸಿದರೆ ಬೆಳಗಾಗುವುದರೊಳಗೆ ಹಿಕ್ಕೆ, ಗಂಜಲ ಬಿದ್ದು ಆ ನೆಲ ಎರಡು ಮೂರು ಬೆಳೆಗೆ ಆಗುವಷ್ಟು ಉಂಡಿರುತ್ತದೆ. ಅದಕ್ಕೆ ಹೊಲದವರು ರಾಗಿಯನ್ನೋ ರೊಕ್ಕವನ್ನೋ ಕೊಡುತ್ತಾರೆ.

ಏಳನೇ ಕ್ಲಾಸಿನ ತನಕ ಹಟ್ಟಿಯಲ್ಲಿ ಅಜ್ಜಿ ಇದ್ದಳು; ಚಿತ್ರಾ ಅವಳ ಜೊತೆ ಉಳಿದು ಓದಿದಳು. ಅಜ್ಜಿ ತೀರಿಕೊಂಡ ಮೇಲೆ ಹುಡುಗಿ ಕುರಿಯ ಹಿಂದೆ ಬಂದಳು. "ಕುರಿನೋ ಸ್ಕೂಲೋ ತೀರ್ಮಾನ ಮಾಡಮ್ಮ" ಎಂದರು ಹೆಡ್ ಮಾಸ್ಟರು. "ಎರಡೂವೆ" ಎಂದಳು ಗೌರಕ್ಕ. ಅಂಥ ಉತ್ತರ ತುಂಬುವುದಕ್ಕೆ ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ. ಹೆಸರಿನ ಮುಂದೆ 'ಶಾಲೆ ಬಿಟ್ಟ ಮಗು' ಎಂದು ಬರೆದರು. ಬಿಟ್ಟದ್ದು ಯಾರು, ಬಿಡಿಸಿದ್ದು ಯಾರು ಎಂದು ಬರೆದವರ ಕೈ ಹಿಡಿದು ಯಾರೂ ಕೇಳಲಿಲ್ಲ. ಅದೇ ವಾರ ಹುಟ್ಟಿ ತಾಯಿ ಸತ್ತ ಒಂದು ಟಗರುಮರಿಗೆ ಚಿತ್ರಾ ಬಾಟಲಿ ಹಾಲು ಕುಡಿಸಿ ಬೆಳೆಸಿದಳು. ಅದಕ್ಕೆ 'ಮಾಸ್ತರ' ಎಂದು ಹೆಸರಿಟ್ಟಳು. ಈಗ ಅದು ಇಡೀ ಮಂದೆಯ ಮುಂದೆ ನೆಟ್ಟಗೆ ಕತ್ತೆತ್ತಿಕೊಂಡು ನಡೆಯುತ್ತದೆ. ಅದು ಹೋದ ಕಡೆ ಉಳಿದವು ಕಣ್ಣು ಮುಚ್ಚಿ ಹೋಗುತ್ತವೆ.

ಹೋದ ವರ್ಷ ಶಿರಾ ದಾಟಿ ಬರುವಾಗ ಕಾರೊಂದು ನಿಂತಿತ್ತು. ಇಳಿದ ಬೆಂಗಳೂರಿನ ಹೆಣ್ಣುಮಗಳು ತನ್ನ ಇಬ್ಬರು ಮಕ್ಕಳನ್ನು ಕುರಿಯ ನಡುವೆ ನಿಲ್ಲಿಸಿ ಫೋಟೋ ತೆಗೆದಳು. "ಇವತ್ತು ಮಂಗಳವಾರ, ಸ್ಕೂಲ್ ಇಲ್ವೇನವ್ವ?" ಎಂದು ಗೌರಕ್ಕ ಕೇಳಿದ್ದಕ್ಕೆ, "ನಾವು ಸ್ಕೂಲಿಗೆ ಕಳಿಸಲ್ಲ ಆಂಟಿ, ಹೋಮ್‌ಸ್ಕೂಲ್ ಮಾಡ್ತೀವಿ. ಮಕ್ಕಳು ಪ್ರಕೃತಿಯಿಂದ ಕಲೀತಾರೆ" ಎಂದಳು. ಗೌರಕ್ಕನಿಗೆ ನಗು ತಡೆಯಲಾಗಲಿಲ್ಲ. "ನಾವೂ ಅಂಗೆಯಾ ಕಣವ್ವ!" ಆಕೆ ಖುಷಿಯಾಗಿ ಅವಳ ನಂಬರನ್ನು ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದಳು. ಮನೆಯಲ್ಲೇ ಮಕ್ಕಳಿಗೆ ಕಲಿಸುವವರು ಬಳಸಿದ ಪುಸ್ತಕ, ಸಾಮಾನು ಕೊಟ್ಟು ಕೊಳ್ಳುವ ಗುಂಪು ಅದು.

ವರ್ಷವಿಡೀ ಗೌರಕ್ಕ ಬಂಡೆ ಹತ್ತಿ ಹತ್ತಿ ಅದನ್ನು ನೋಡಿದಳು. ಮರದ ಮಣಿಗಳ ಚೌಕಟ್ಟು, ಜರ್ಮನಿಯ ಬಣ್ಣದ ಪೆನ್ಸಿಲು, ದೀಪ ಹತ್ತುವ ಭೂಗೋಳ. ಬಳಸಿದ್ದಂತೆ, ಅಗ್ಗವಂತೆ. ಒಂದೊಂದಕ್ಕೂ ಬಲಿತ ಟಗರಿನ ಬೆಲೆ. ಕನ್ನಡದ್ದು ಒಂದೇ ಒಂದು ಪುಟ ಬರಲಿಲ್ಲ. ಕೊನೆಗೆ ಹೋದ ವಾರ ಅವಳೇ ಬಾಯಿಬಿಟ್ಟಳು: "ಹತ್ತನೇ ಕ್ಲಾಸಿನ ಗಣಿತ, ಕನ್ನಡ ಮೀಡಿಯಂ, ಹಳೇದಾದ್ರೂ ಸೈ, ಯಾರ್ ತಾವಾದ್ರೂ ಐತಾ ಅವ್ವಂದಿರಾ?"

ಉತ್ತರ ಬರೆದವಳು ಹಿಂದೆ ಫೋಟೋ ತೆಗೆದವಳಲ್ಲ, ಇನ್ನೊಬ್ಬಳು. 'ಇದು ಹೋಮ್‌ಸ್ಕೂಲ್ ಫ್ಯಾಮಿಲಿಗಳಿಗೆ ಮಾತ್ರ. ನಿಮ್ಮದು ಡ್ರಾಪ್‌ಔಟ್ ಕೇಸ್ ಅನ್ಸುತ್ತೆ. ಎಜುಕೇಶನ್ ಆಫೀಸಲ್ಲಿ ವಿಚಾರಿಸಿ ಪ್ಲೀಸ್.'

ಚಿತ್ರಾ ಅದನ್ನು ಗಟ್ಟಿಯಾಗಿ ಓದಿ ಹೇಳಿದಳು. ಗೌರಕ್ಕ ಬಂಡೆಯ ಮೇಲೆಯೇ ಸೆರಗು ಸಿಕ್ಕಿಸಿ ಫೋನಿನ ವಾಯ್ಸ್ ಗುಂಡಿ ಒತ್ತಿ ಹಿಡಿದಳು.

"ಅಲ್ಲ ಕಣವ್ವ, ನಿನ್ ಮಗೀಗೆ ಸ್ಕೂಲು ಒಗ್ಲಿಲ್ಲ, ಮನ್ಯಾಗಿಟ್ಕಂಡು ಕಲಿಸ್ತೀಯ. ನನ್ ಮಗ್ಳು ಸ್ಕೂಲಿಗೆ ಒಗ್ಲಿಲ್ಲ, ಕುರಿ ಹಿಂದೆ ಇಟ್ಕಂಡು ಕಲಿಸ್ತೀನಿ. ನಿಂದು ಹೋಮ್‌ಸ್ಕೂಲು, ನಂದು ಡ್ರಾಪೌಟಾ? ನಾಲ್ಕು ಗ್ವಾಡೆ ಇದ್ರೆ ಒಂದೆಸ್ರು, ಇಲ್ದಿದ್ರೆ ಇನ್ನೊಂದೆಸ್ರಾ? ಪುಸ್ತಕ ಇದ್ರೆ ಕೊಡಿ. ಹೆಸ್ರು ಕೊಡಾಕ್ ಬರ್ಬ್ಯಾಡಿ."

ಅರ್ಧ ದಿನದ ಮೇಲೆ ಗುಂಪಿನಲ್ಲಿ ಯಾರೋ ಕೈ ಮುಗಿದ ಚಿತ್ರ ಹಾಕಿದರು. ಆಮೇಲೆ ಮತ್ತೆ ಬಣ್ಣದ ಪೆನ್ಸಿಲು ಬಂತು.

ಇವತ್ತು ಈ ಗುಂಡುಕಲ್ಲಿನ ಮೇಲೆ ನಿಂತಾಗ ಮಾತ್ರ ಅವಳೊಬ್ಬಳಿಗೇ ಎಂದು ಒಂದು ವಾಯ್ಸ್ ಬಂದಿತ್ತು. ಫೋಟೋದ ಜಾಗದಲ್ಲಿ ಒಂದು ನೀಲಿ ಶಂಖಪುಷ್ಪ.

"ಅಕ್ಕಾ, ನನ್ನೆಸ್ರು ಮಹಾಲಕ್ಷ್ಮಮ್ಮ. ಪುರವರದ್ ಕಡೆಯವ್ಳು, ಪಂಚಾಯ್ತಿ ಲೈಬ್ರರಿ ನೋಡ್ಕೊತೀನಿ. ಗ್ರೂಪಲ್ಲಿ ನೀವ್ ಮಾತಾಡಿದ್ನ ಮೂರ್ ಸಾರಿ ಕೇಳ್ದೆ, ನಮ್ ಮಾವನ್ಗೂ ಕೇಳಿಸ್ದೆ. ನನ್ ಮಗ್ಳು ಶ್ರೀಲತಾಗೆ ಹುಟ್ಟಿದಾಗ್ನಿಂದ ಕಾಲು ಬರಲ್ಲ. ಸ್ಕೂಲಲ್ಲಿ ಮೆಟ್ಲು, ಕಕ್ಕಸ್ಸಿಗೂ ಮೆಟ್ಲು. ಆರನೇ ಕ್ಲಾಸಿಂದ ಮನೇಲೇ ಓದಿಸ್ದೆ. ಹೋದೊರ್ಷ ಎಸ್ಸೆಲ್ಸಿ ಕಟ್ಟಿ ಪಾಸಾದ್ಲು, ಗಣಿತದಾಗೆ ಎಂಬತ್ತೊಂದು. ಅವಳ್ ಪುಸ್ತಕ, ನೋಟ್ಸು, ಹಳೇ ಪ್ರಶ್ನೆಪತ್ರಿಕೆ, ಅವರಜ್ಜ ಮಾಡ್ಕೊಟ್ಟ ಸಾಮಾನು ಎಲ್ಲಾ ಒಂದ್ ಪೆಟ್ಟಿಗೇಲಿದೆ."

ಕೆಳಗೆ ಫೋಟೋ ಇತ್ತು. ಪೇಪರ್ ಹೊದಿಸಿದ ಪುಸ್ತಕಗಳು, ದಾರ ಕಟ್ಟಿದ ಒಂದು ಸೈಕಲ್ ರಿಮ್ಮು, ಕೋನಮಾಪಕ ಅಂಟಿಸಿದ ಒಂದು ನೀರಿನ ಪೈಪಿನ ತುಂಡು. ಚಿತ್ರಾ ಫೋನನ್ನು ಕಣ್ಣಿಗೆ ಆನಿಸಿಕೊಂಡು, "ಅವ್ವಾ, ಮಾರ್ಜಿನಲ್ಲೆಲ್ಲ ಬರ್ದವ್ಳೆ ನೋಡು!" ಎಂದು ಕೂಗಿದಳು.

"ಎಷ್ಟು ಕೊಡ್ಬೇಕು ಕಣಕ್ಕ?" ಗೌರಕ್ಕ ಗುಂಡಿ ಒತ್ತಿ ಕೇಳಿದಳು.

ಉತ್ತರ ಕೊಟ್ಟದ್ದು ಮುದುಕರೊಬ್ಬರ ದನಿ. "ನಾನು ಅವಳ್ ಮಾವ, ಚಿಕ್ಕನರಸಯ್ಯ. ದುಡ್ ಬ್ಯಾಡ ಕಣವ್ವ. ನಿಮ್ದು ಕುರಿ ಅಂತಲ್ಲ. ಒಂದ್ ರಾತ್ರಿ ನಮ್ ಹೊಲ್ದಲ್ಲಿ ಮಂದೆ ಹಾಕ್ಬುಡು, ಪೆಟ್ಗೆ ನಿಂದು."

"ಆಗ್ಲಿ ಕಣಣ್ಣ. ನಾಳೆ ಗುರುವಾರ ಸಂಜೀಕೆ. ಮಾತು ಕೊಟ್ಟೆ."

ಕುರಿಯವರು ಮಾತು ಕೊಟ್ಟ ಮಂದೆಯನ್ನು ತಪ್ಪಿಸುವುದಿಲ್ಲ. ತಪ್ಪಿಸಿದವರಿಗೆ ಆ ದಾರಿಯಲ್ಲಿ ಆಮೇಲೆ ಯಾರೂ ಹೊಲ ಬಿಡುವುದಿಲ್ಲ. ಅದಕ್ಕೇ ಅವರು ಮಾತು ಕೊಡುವ ಮೊದಲು ಯಾರ ಹೊಲ, ಯಾವ ದಿಕ್ಕು, ಪಕ್ಕದ ಹೊಲ ಯಾರದು ಎಂದೆಲ್ಲ ಕೇಳುತ್ತಾರೆ. ಎದುರಿಗೆ ನಿಂತವರಾದರೆ ಕೇಳುವುದೂ ಬೇಡ, ಅವರು ನಿಂತ ದೂರದಲ್ಲೇ ತಿಳಿಯುತ್ತದೆ. ಫೋನಿನಲ್ಲಿ ದೂರ ಕಾಣುವುದಿಲ್ಲ. ಒಂದು ಹೂವು ಕಂಡಿತು, ಅಷ್ಟೆ.

ಮಾತು ಕೊಟ್ಟಾದ ಮೇಲೆ ಅವಳು ಕೇಳಿದಳು. "ಹೊಲ ಎಲ್ ಬತ್ತದಣ್ಣ?"

"ಕಾಲನಿ ಹಿಂದಿನ್ ಮೂರೆಕರೆ ಕಣವ್ವ."

ಕಾಲನಿ ಎಂದರೆ ದಲಿತರ ಕೇರಿ ಎಂದು ಈ ಮೂರು ತಾಲ್ಲೂಕಿನಲ್ಲಿ ಹಾಲುಹಲ್ಲಿನ ಮಗುವಿಗೂ ಗೊತ್ತು. ಅಲ್ಲಿನ ಹೊಲಕ್ಕೆ ಯಾವ ಹಟ್ಟಿಯ ಕುರಿಯೂ ಮಂದೆಗೆ ಇಳಿದದ್ದಿಲ್ಲ. ಇಳಿಯಬಾರದೆಂದು ಯಾರೂ ಬರೆದಿಟ್ಟಿರಲಿಲ್ಲ. ಬರೆದಿಟ್ಟಿದ್ದರೆ ಹರಿದು ಹಾಕಬಹುದಿತ್ತು.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ವಿಷಯ ಹೇಳಿದಳು. ಗಂಡ ಓಬಳಪ್ಪನ ಕೈಯ ಮುದ್ದೆ ಕೈಯಲ್ಲೇ ಉಳಿಯಿತು.

"ಕಾಲನಿ ಹೊಲ್ಕಾ? ಲೇ ಗೌರಿ, ತಲೆ ನೆಟ್ಟಗೈತಾ?"

"ನೆಟ್ಟಗೇ ಐತೆ ಕಣಪ್ಪ. ಮಾತು ಕೊಟ್ಟಿವ್ನಿ."

ಅವನ ತಮ್ಮ ಅಂಜಿನಮೂರ್ತಿ ಮೆಣಸಿನಕಾಯಿ ಕಡಿಯುತ್ತಾ ನಕ್ಕ. ನೂರ ನಲವತ್ತರಲ್ಲಿ ನೀಲಿ ಬಣ್ಣದ ಗುರುತಿನ ಎಂಬತ್ತು ಅಣ್ಣನವು, ಕೆಂಪು ಗುರುತಿನ ಅರವತ್ತು ಅವನವು. "ಅತ್ಗೆ ಫೋನಲ್ಲಿ ಮಾತು ಕೊಟ್ರೆ ಫೋನಲ್ಲೇ ಮಂದೆ ಹಾಕ್ಲಿ ಬುಡಣ್ಣ. ನನ್ ಕುರಿ ಹಾಲೇಶಣ್ಣನ್ ಹೊಲಕ್ಕೇ ಹೋಗೋದು."

"ನಿನ್ ಕುರಿಗೆ ಜಾತಿ ಯಾವಾಗ್ ಹೇಳ್ಕೊಟ್ಟೆ ಕಣ್ಲಾ? ನಂಗೇ ಗೊತ್ತಾಗ್ಲಿಲ್ಲ" ಎಂದಳು ಗೌರಕ್ಕ.

"ಕುರಿದಲ್ಲ ಅತ್ಗೆ ಮಾತು. ನೀರಿಂದು."

ಅದು ಸುಳ್ಳಲ್ಲ. ಹಾಲೇಶ ಆ ಕಡೆಯ ದೊಡ್ಡ ಕುಳ. ಹತ್ತು ವರ್ಷದಿಂದ ಅವರ ಮಂದೆ ಅವನ ಹೊಲದಲ್ಲೇ ಬೀಳುವುದು, ಅವನ ಬೋರಿನ ತೊಟ್ಟಿಯಲ್ಲೇ ಕುರಿ ಕುಡಿಯುವುದು. ಅವನು ಮುನಿದರೆ ಜಯಮಂಗಲಿ ಹೊಳೆಯ ಈಚೆ ದಡದಲ್ಲಿ ತೊಟ್ಟು ನೀರು ಸಿಗದು. ಓಬಳಪ್ಪ ಕೆಟ್ಟವನಲ್ಲ. ಅವನಿಗೆ ಅಭ್ಯಾಸವಿತ್ತು, ಅಷ್ಟೆ. ಈ ನೆಲದ ಎಷ್ಟೋ ಕೆಟ್ಟದ್ದು ಕೆಟ್ಟವರಿಂದ ನಡೆಯುವುದಿಲ್ಲ, ಅಭ್ಯಾಸವಾದವರಿಂದ ನಡೆಯುತ್ತದೆ.

"ಮಾತು ಹೊಳ್ಳಿ ತಗಳಾಕಾಯ್ತದಾ ಕೇಳ್ಕಂಬಾ" ಎಂದ ಓಬಳಪ್ಪ. "ಬೇಕಾರೆ ರೊಕ್ಕ ಕೊಟ್ಬುಡಾನ."

ಗೌರಕ್ಕ ಚಿತ್ರಾಳನ್ನು ಹಿಂದೆ ಕೂರಿಸಿಕೊಂಡು ಟಿವಿಎಸ್ ಎತ್ತಿದಳು. ಮಾತು ಹಿಂದೆ ತೆಗೆದುಕೊಳ್ಳುವುದಕ್ಕೆ ಅಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆದರೂ ರವಿಕೆಯೊಳಗೆ ನೋಟು ಮಡಚಿ ಇಟ್ಟುಕೊಂಡಿದ್ದಳು.

ಕಾಲನಿಯ ಕೊನೆಯ ಮನೆ. ಗೋಡೆಯ ಮೇಲೆ ಕಣ್ಣು ಮುಚ್ಚಿ ಕೂತ ಬುದ್ಧ. ಜಗುಲಿಯ ಮೇಲೆ ಗಾಲಿಕುರ್ಚಿಯಲ್ಲಿ ಹದಿನೇಳರ ಹುಡುಗಿ ಶ್ರೀಲತಾ. ಬಂದವರಿಗೆ ಕೂತುಕೊಳ್ಳಿ ಎನ್ನುವ ಮೊದಲೇ ಅವಳು ಚಿತ್ರಾಳಿಗೆ ರಿಮ್ಮು ಎತ್ತಿ ಕೊಟ್ಟಳು. "ಹಿಡ್ಕೋ. ಇದು ವೃತ್ತ. ಹೊರಗಿರೋ ಈ ಮೊಳೆಯಿಂದ ಎರಡು ದಾರ ರಿಮ್ಮಿಗೆ ತಾಗ್ಸಿ ಎಳಿ. ತಾಗೋದು ಒಂದೇ ಕಡೆ ಇರ್ಬೇಕು, ಒಳಗೆ ಹೋಗ್ಬಾರ್ದು. ಈಗ ಅಳತೆ ಮಾಡು."

ಚಿತ್ರಾ ಅಳೆದಳು. "ಎರಡೂ ಒಂದೇ!"

"ಸೈಕಲ್ ಯಾವ್ದಾದ್ರೂ ಒಂದೇ. ಇದು ಮೂರು ಮಾರ್ಕ್ಸು. ಈ ಪೈಪಲ್ಲಿ ನೋಡಿ ನಾನೂ ನಮ್ಮಜ್ಜನೂ ಮಧುಗಿರಿ ಬೆಟ್ಟ ಅಳ್ದಿದ್ವಿ. ಹತ್ತಿದವ್ರು ಅಳೀಲಿಲ್ಲ, ಹತ್ತಕ್ಕಾಗ್ದಿರೋ ನಾನು ಅಳ್ದೆ."

ಮಹಾಲಕ್ಷ್ಮಮ್ಮ ಎರಡು ಸ್ಟೀಲ್ ಲೋಟದಲ್ಲಿ ನೀರು ತಂದಳು. ಚಿತ್ರಾ ಒಂದನ್ನು ಎತ್ತಿ ಅರ್ಧ ಕುಡಿದು ಮತ್ತೆ ದಾರಕ್ಕೆ ಬಾಗಿದಳು. ಗೌರಕ್ಕನ ನಾಲಿಗೆ ಬಾಯಾರಿ ಅಂಗುಳಕ್ಕೆ ಅಂಟಿತ್ತು. "ಬ್ಯಾಡ ಕಣಕ್ಕ, ಈಗ್ತಾನೇ ಕುಡ್ದೆ" ಎಂದು ಬಾಯಿ ತಾನಾಗಿ ಹೇಳಿತು.

ಶ್ರೀಲತಾ ತಲೆ ಎತ್ತಲಿಲ್ಲ. "ಗ್ರೂಪಲ್ಲಿ ನಿಮ್ಮ ವಾಯ್ಸ್ ಚೆನ್ನಾಗಿತ್ತು ಆಂಟಿ. 'ನಿಂದು ಹೋಮ್‌ಸ್ಕೂಲು, ನಂದು ಡ್ರಾಪೌಟಾ' ಅಂದ್ರಲ್ಲ. ನಾನು ಸೇವ್ ಮಾಡಿಟ್ಕೊಂಡಿದ್ದೀನಿ."

ಬಂಡೆಯ ಮೇಲೆ ನಿಂತು ಬೆಂಗಳೂರಿನವಳಿಗೆ ಎಸೆದ ಮಾತು ಗಿರ್ರನೆ ತಿರುಗಿ ಬಂದು ಅವಳ ಕಪಾಳಕ್ಕೇ ಬಡಿಯಿತು. ತನಗೆ ಒಂದು ಹೆಸರು, ಈ ಕಾಲನಿಯವರಿಗೆ ಇನ್ನೊಂದು ಹೆಸರು. ಅಲ್ಲಿ ನ್ಯಾಯ ಕೇಳಿದವಳು ಇಲ್ಲಿ ಹೆಸರಿಟ್ಟವಳೇ ಆಗಿದ್ದಳು. ಗೌರಕ್ಕ ಮಗಳು ಬಿಟ್ಟ ಅರ್ಧ ಲೋಟವನ್ನು ಎತ್ತಿ ಗಟಗಟ ಕುಡಿದಳು. ತನ್ನ ಪಾಲಿನ ಲೋಟವನ್ನೂ ಎತ್ತಿ ಖಾಲಿ ಮಾಡಿದಳು. "ಸುಳ್ ಹೇಳ್ದೆ ಕಣವ್ವ. ಕುಡಿದಿರ್ನಿಲ್ಲ."

"ಗೊತ್ತಿತ್ತು ಬಿಡಿ" ಎಂದಳು ಶ್ರೀಲತಾ. ಮಹಾಲಕ್ಷ್ಮಮ್ಮ ನಕ್ಕಳು. ಆಮೇಲೆ ದನಿ ತಗ್ಗಿಸಿ, "ಅಕ್ಕಾ, ಮಂದೆ ಹಾಕಾಕೆ ನಿಮ್ಗೆ ತೊಂದ್ರೆ ಆಗುತ್ತೆ ಅಂತ ಗೊತ್ತು. ಪೆಟ್ಗೆ ಸುಮ್ನೆ ತಗೊಂಡೋಗಿ" ಎಂದಳು.

"ಇಲ್ಲ ಕಣಮ್ಮ" ಎಂದರು ಚಿಕ್ಕನರಸಯ್ಯ. ಅವರು ಒಳಬಾಗಿಲಲ್ಲಿ ನಿಂತಿದ್ದರು. ಸಣಕಲು ಮೈ, ಬಿದಿರು ಸೀಳಿದಂಥ ಬೆರಳು. "ಸುಮ್ನೆ ಕೊಡಾಕಿಲ್ಲ. ರೊಕ್ಕಕ್ಕೂ ಕೊಡಾಕಿಲ್ಲ. ಈ ನೆಲ ನಮ್ಮಪ್ಪನ್ಗೆ ಗ್ರಾಂಟಾಗಿ ಬಂದಾಗ ಅವ್ನು ಕುರಿಯವ್ರ ಕೈ ಮುಗ್ದು ಕೇಳ್ದ, ಒಬ್ರೂ ಬರ್ನಿಲ್ಲ. ನಾನೂ ಕೇಳ್ದೆ, ದುಪ್ಪಟ್ಟು ಕೊಡ್ತೀನಿ ಅಂದೆ, ಬರ್ನಿಲ್ಲ. ಬೇಲಿ ಆಚೆ ಹೊಲ ಕರ್ರಗೆ, ನಂದು ಸುಣ್ಣದಂಗೆ ಬಿಳಿ. ಮಾರೋದು ಕೊಳ್ಳೋದು ಅಂದ್ರೆ ಇಬ್ರೂ ಸಮ ಅಂತ ತಾನೇ ತಾಯಿ? ನಿನ್ ತಾವ ಇರೋದು ನಂಗ್ ಬೇಕು, ನನ್ ತಾವ ಇರೋದು ನಿಂಗ್ ಬೇಕು. ಆಗೋದಾದ್ರೆ ಯಾಪಾರ. ಇಲ್ದಿದ್ರೆ ಪೆಟ್ಗೆ ಇಲ್ಲೇ ಇರ್ಲಿ."

ರವಿಕೆಯೊಳಗಿನ ನೋಟನ್ನು ಗೌರಕ್ಕ ಹೊರಗೆ ತೆಗೆಯಲೇ ಇಲ್ಲ. "ನಾಳೆ ಹೊತ್ತು ಮುಳುಗೋ ಹೊತ್ಗೆ ಗೂಟ ಹುಗ್ಸಾಕೆ ಜಾಗ ತೋರ್ಸಿ ಕಣಣ್ಣ. ಬತ್ತೀವಿ" ಎಂದು ಎದ್ದಳು.

ಮಾರನೆಯ ದಿನ ಸಂಜೆ ಹಾಲೇಶನೇ ಬುಲೆಟ್ಟಿನಲ್ಲಿ ಬಂದ. ಅಂಜಿನಮೂರ್ತಿ ಸುದ್ದಿ ಮುಟ್ಟಿಸಿದ್ದ. ಕುರಿಗಳು ಕವಲುದಾರಿಯ ಹತ್ತಿರ ಬಂದಿದ್ದವು. ಬಲಕ್ಕೆ ತಿರುಗಿದರೆ ಹಾಲೇಶನ ಹೊಲ, ಬೋರು, ತುಂಬಿದ ತೊಟ್ಟಿ. ಎಡಕ್ಕೆ ತಿರುಗಿದರೆ ಕಾಲನಿ.

"ಏನಪ್ಪಾ ಓಬಳಪ್ಪ, ಹೊಸಾ ನೆಂಟಸ್ತನ ಅಂತೆ?"

"ಅಂಗೇನಿಲ್ಲ ಹಾಲೇಶಣ್ಣ..." ಓಬಳಪ್ಪನ ಟವೆಲು ಹೆಗಲಿಂದ ಕೈಗೆ ಇಳಿಯಿತು.

"ಯಾಕಿಲ್ಲ? ಐತೆ" ಎಂದಳು ಗೌರಕ್ಕ. "ಪುಸ್ತಕಕ್ಕೆ ಮಂದೆ. ಮಾತಾಗೈತೆ."

ಹಾಲೇಶ ಅವಳ ಕಡೆ ನೋಡದೆ ಅವಳ ಗಂಡನಿಗೆ ಹೇಳಿದ. "ಪುಸ್ತಕ ತಾನೇ? ನಾಳೆ ಮಧುಗಿರಿಯಿಂದ ಹೊಸಾದೇ ತರಿಸ್ಕೊಡ್ತೀನಿ, ಗೈಡು ಸಮೇತ. ಆದ್ರೆ ಇವತ್ತು ಅಲ್ಲಿ ಬಲೆ ಕಟ್ಟಿದ್ರೋ, ನನ್ ಬೋರ್ ಕಡೆ ಒಂದ್ ಕುರಿ ಮೂತಿ ತಿರುಗಿಸ್ಬಾರ್ದು. ಇವತ್ತಲ್ಲ, ಯಾವತ್ತೂ."

ಹೊಸ ಪುಸ್ತಕ. ಒಂದು ಗಳಿಗೆ ಚಿತ್ರಾಳ ಕಣ್ಣು ಅವ್ವನ ಮೇಲೆ ನಿಂತಿತು. ಓಬಳಪ್ಪ, "ತಗಂಬುಡಾನ ಕಣೆ" ಎಂದು ಪಿಸುಗುಟ್ಟಿದ.

"ಹಾಲೇಶಣ್ಣ" ಎಂದಳು ಗೌರಕ್ಕ, "ಮೂರೊರ್ಷದಿಂದ ನನ್ ಮಗ್ಳು ನಿಮ್ ಹೊಲ್ದಲ್ಲೇ, ನಿಮ್ ಕಣ್ಣೆದ್ರಿಗೇ ಫೋನ್ ಬೆಳಕಲ್ಲಿ ಓದವ್ಳೆ. ಒಂದಿನಾನಾರ 'ಏನ್ ಓದ್ತಿದಿಯಮ್ಮ' ಅಂದ್ರಾ? ಇವತ್ತು ನಾವು ಎಡಕ್ ತಿರುಗ್ತೀವಿ ಅಂದ್ ತಕ್ಷಣ ಅವಳ್ ಓದು ಕಾಣಿಸ್ತಾ ನಿಮ್ಗೆ? ಹೊಸಾದು ನಂಗ್ ಬ್ಯಾಡ. ಒಬ್ಳು ಓದಿ ಪಾಸಾಗಿರೋ ಪುಸ್ತಕವೇ ಬೇಕು. ಎಲ್ಲೆಲ್ಲಿ ತಪ್ತೈತೆ ಅಂತ ಅದ್ರಾಗೆ ಬರ್ದೈತೆ. ನೀವ್ ಕೊಡೋದ್ರಾಗೆ ಅದಿರಲ್ಲ." ಮಗಳ ಕಡೆ ತಿರುಗಿದಳು. "ಚಿತ್ರಾ, ಮಾಸ್ತರನ್ನ ಕರಿ."

ಚಿತ್ರಾ ಎಡದ ದಾರಿಯಲ್ಲಿ ಹತ್ತು ಹೆಜ್ಜೆ ಓಡಿ ನಿಂತಳು. "ಹೋ... ಮಾಸ್ತರಾ... ಬಾ ಬಾ ಬಾ!"

ಟಗರು ಕತ್ತೆತ್ತಿತು. ಬಲಗಡೆಯ ತೊಟ್ಟಿಯ ನೀರಿನ ವಾಸನೆ ಅದಕ್ಕೂ ಹತ್ತಿರಬೇಕು, ಒಂದು ಸಲ ಮೂಗರಳಿಸಿತು. ಆಮೇಲೆ ಹಾಲು ಕುಡಿಸಿದ ದನಿಯ ಕಡೆ ನಡೆಯಿತು. ಹಿಂದೆ ನೀಲಿ ಗುರುತಿನವು ನುಗ್ಗಿದವು. ಅವುಗಳ ಹಿಂದೆ ಕೆಂಪು ಗುರುತಿನವೂ ನುಗ್ಗಿದವು.

"ಲೇ, ಲೇ, ನಂದವು! ಟ್ರ್ರಾ... ಟ್ರ್ರಾ..." ಅಂಜಿನಮೂರ್ತಿ ಕಂಬಳಿ ಬೀಸುತ್ತಾ ಅಡ್ಡಬಿದ್ದ. ಕುರಿಗಳು ಅವನ ಕಾಲಸಂದಿಯಲ್ಲೂ ತೂರಿ ಹೋದವು. ಧೂಳು ಇಳಿದಾಗ ಅವನ ಕೈಯಲ್ಲಿ ಉಳಿದದ್ದು ಒಂದು ಕುಂಟು ಕುರಿ, ಅದೂ ಅರಚುತ್ತಿತ್ತು.

ಹಾಲೇಶ ಬುಲೆಟ್ಟಿಗೆ ಒದ್ದ. ಮೂರನೆಯ ಒದೆತಕ್ಕೆ ಅದು ಎದ್ದಿತು. ಓಬಳಪ್ಪ ಆ ಹೊಗೆಯನ್ನು ನೋಡಿದ, ಧೂಳಿನೊಳಗೆ ಕಾಣುತ್ತಿದ್ದ ಮಗಳ ತಲೆಯನ್ನು ನೋಡಿದ. ಟವೆಲನ್ನು ಮತ್ತೆ ಹೆಗಲಿಗೆ ಹಾಕಿ, ಬಲೆಯ ಹೊರೆ ಹೊತ್ತು ಎಡಕ್ಕೆ ನಡೆದ.

ಹೊಲದ ಬದುವಿನ ಮೇಲೆ ಕಾಲನಿಗೆ ಕಾಲನಿಯೇ ನಿಂತಿತ್ತು. ಹೆಂಗಸರು ಸೊಂಟದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಬಂದಿದ್ದರು. ಓಬಳಪ್ಪ ಗೂಟ ಹಿಡಿದರೆ ಚಿಕ್ಕನರಸಯ್ಯ ಕಲ್ಲಿನಿಂದ ಹೊಡೆದರು. ಹೊಡೆತಕ್ಕೊಂದು ಹೆಜ್ಜೆ ಎಂಬಂತೆ ಬಲೆ ಸುತ್ತ ಬಂತು. ಬಲೆ ಮುಗಿಯುವ ಹೊತ್ತಿಗೆ ಅಂಜಿನಮೂರ್ತಿ ಕುಂಟು ಕುರಿಯನ್ನು ಹೆಗಲ ಮೇಲೆ ಹೊತ್ತು ಬಂದು, ದೂರದಲ್ಲಿ ಕುಕ್ಕರಿಸಿದ.

"ನನ್ ಕುರಿ ಬಂದವೆ. ನಾನ್ ಬಂದಿಲ್ಲ" ಎಂದು ಗಟ್ಟಿಯಾಗಿ ಹೇಳಿದ. "ನಾನ್ ಬದಿನ್ ಮೇಲೆ ಕುಂತಿವ್ನಿ."

"ಬದೂ ನಂದೇ ಕಣಪ್ಪ" ಎಂದರು ಚಿಕ್ಕನರಸಯ್ಯ.

ಹೆಂಗಸರ ನಗು ಕಿತ್ತುಕೊಂಡು ಬಂತು. ಅಂಜಿನಮೂರ್ತಿ ಏಳಲು ನೋಡಿದ, ಏಳಲಿಲ್ಲ, ಕೊನೆಗೆ ಅವನಿಗೂ ನಗು ಬಂತು.

ಬೆಳಕು ಹರಿದಾಗ ಕುರಿಗಳು ಎದ್ದು ಮೈ ಕೊಡವಿದವು. ಅವು ಮಲಗಿದ್ದಷ್ಟೂ ಜಾಗ ಕರ್ರಗಾಗಿತ್ತು. ಚಿಕ್ಕನರಸಯ್ಯ ಬಲೆಯೊಳಗೆ ಬರಿಗಾಲಿನಲ್ಲಿ ಕಾಲಿಟ್ಟು, ಬಿಸಿಯಾರದ ಹಿಕ್ಕೆಯನ್ನು ಅಂಗೈಗೆ ತೆಗೆದುಕೊಂಡು ಮೂಸಿದರು. ಅದನ್ನು ಪಂಚೆಯ ಅಂಚಿನಲ್ಲಿ ಗಂಟು ಹಾಕಿ, ಒಳಗೆ ಹೋಗಿ ಪೆಟ್ಟಿಗೆಯನ್ನು ತಾವೇ ಹೊತ್ತು ತಂದು ಟಿವಿಎಸ್ಸಿಗೆ ಕಟ್ಟಿದರು.

ಬೋರಿನ ಸ್ವಿಚ್ಚಿನ ಪೆಟ್ಟಿಗೆಗೆ ಹಾಲೇಶ ಬೀಗ ಹಾಕಿಸಿದ್ದ. ಕುರಿ ನೀರಿಲ್ಲದೆ ನಾಲಿಗೆ ಚಾಚುತ್ತಿದ್ದವು. ಮಹಾಲಕ್ಷ್ಮಮ್ಮ ಕಾಲನಿಯ ನೀರಿನ ತೊಂಬೆಯ ನಲ್ಲಿ ತಿರುಗಿಸಿದಳು. ಅವತ್ತಿನ ಪಾಲಿನ ನೀರು ಅದು, ಮತ್ತೆ ಬಿಡುವುದು ನಾಳೆಗೆ. ಹೆಂಗಸರು ಬಕೆಟ್ಟು, ಬಾನಿ, ಒಗೆಯುವ ಟಬ್ಬು ತಂದು ಸಾಲಾಗಿ ಇಟ್ಟರು. ಮೊದಲು ನುಗ್ಗಿ ಕುಡಿದವು ಕೆಂಪು ಗುರುತಿನವು. ಅಂಜಿನಮೂರ್ತಿ ನೋಡುತ್ತಾ ನಿಂತವನು, ಯಾರೂ ಹೇಳದೆಯೇ ಒಂದು ಬಿಂದಿಗೆ ಎತ್ತಿ ಟಬ್ಬಿಗೆ ಸುರಿಯತೊಡಗಿದ.

"ಮುಂದಿನೊರ್ಷ ಈ ದಾರೀಲಿ ಮಂದೆಗೆ ಯಾರ್ ಕರೀತಾರೆ?" ಎಂದ ಓಬಳಪ್ಪ, ಬಲೆ ಸುತ್ತುತ್ತಾ. ಬೈಗುಳವಿರಲಿಲ್ಲ ಅದರಲ್ಲಿ, ಚಿಂತೆಯಿತ್ತು.

"ಕಾಲನೀಲಿ ಹದಿನಾಲ್ಕು ಹೊಲ ಐತೆ ಕಣಪ್ಪ" ಎಂದರು ಚಿಕ್ಕನರಸಯ್ಯ. "ಎಲ್ಲಾ ಸುಣ್ಣದಂಗೇ ಅವೆ."

ಮುಂದಿನ ಮಂದೆ ಹೊಳವನಹಳ್ಳಿಯಲ್ಲಿ, ಎರಡು ದಿನದ ದಾರಿ. ಹೊರಡುವಾಗ ಶ್ರೀಲತಾ ಗಾಲಿಕುರ್ಚಿಯನ್ನು ಕಾಲನಿಯ ಕೊನೆಯ ತನಕ ತಳ್ಳಿಸಿಕೊಂಡು ಬಂದು ಚಿತ್ರಾಳಿಗೆ ತಾಕೀತು ಮಾಡಿದಳು. "ದಿನಾ ಹತ್ತು ಲೆಕ್ಕ. ಫೋಟೋ ಹೊಡ್ದು ಕಳ್ಸು. ಬಂಡೆ ಸಿಗ್ಲಿಲ್ಲ, ಸಿಗ್ನಲ್ ಸಿಗ್ಲಿಲ್ಲ ಅಂತ ಕಥೆ ಹೇಳ್ಬೇಡ, ಟಗರು ಮೇಲೆ ಹತ್ತು. ಆಂಟಿ, ನೀವೂ ಜೊತೇಲಿ ಮಾಡಿ. ನಿಮ್ದೂ ಗಣಿತ ಒಂದು ಬಾಕಿ ಇದ್ಯಂತಲ್ಲ, ಚಿತ್ರಾ ಹೇಳಿದ್ಲು."

"ನನ್ ತಲೆ ತಿನ್ಬ್ಯಾಡ ಕಣೆ" ಎಂದಳು ಗೌರಕ್ಕ. ಆದರೆ ದಾರಿಯಲ್ಲಿ ಮೊದಲು ಸಿಕ್ಕ ನೆರಳಿನಲ್ಲಿ ಪೆಟ್ಟಿಗೆ ತೆರೆದವಳು ಅವಳೇ. ಪುಸ್ತಕದ ಮೊದಲ ಪುಟದಲ್ಲಿ ಶ್ರೀಲತಾ ತನ್ನ ಹೆಸರು, ಅದರ ಕೆಳಗೆ 'ಮನೆಯೇ ಶಾಲೆ, ಪುರವರ' ಎಂದು ಬರೆದಿದ್ದಳು. ಚಿತ್ರಾ ಪೆನ್ನು ತೆಗೆದು ಅದರ ಕೆಳಗೆ ತನ್ನ ಹೆಸರು ಬರೆದಳು. ಊರಿನ ಜಾಗದಲ್ಲಿ ಸ್ವಲ್ಪ ಯೋಚಿಸಿ, 'ಶಿರಾ, ಮಧುಗಿರಿ, ಕೊರಟಗೆರೆ' ಎಂದು ಮೂರನ್ನೂ ಬರೆದಳು.

ಗೌರಕ್ಕ ಪಕ್ಕದ ಬಂಡೆ ಹತ್ತಿದಳು. ಎರಡು ಗೆರೆ ಸಿಗ್ನಲ್ಲು. ಗುಂಪಿನಲ್ಲಿ ಯಾರೋ ದೀಪ ಹತ್ತುವ ಭೂಗೋಳ ಮಾರುತ್ತಿದ್ದರು. ಅವಳು ಪೆಟ್ಟಿಗೆಯ ಫೋಟೋ ಹಾಕಿ, ಗುಂಡಿ ಒತ್ತಿ ಹಿಡಿದು, ನಿಧಾನವಾಗಿ ಹೇಳಿದಳು.

"ಹತ್ತನೇ ಕ್ಲಾಸಿಂದು, ಕನ್ನಡ ಮೀಡಿಯಂ. ಇಬ್ರು ಓದಿರೋದು. ಏಪ್ರಿಲ್‌ಗೆ ಖಾಲಿ ಆಯ್ತದೆ, ಬೇಕಾದೋರು ಈಗ್ಲೇ ಹೇಳಿ. ದುಡ್ಗೆ ಕೊಡಲ್ಲ. ನೀವು ಇದುವರ್ಗೂ ಯಾರಿಗೆ ಏನ್ ಕೊಟ್ಟಿಲ್ವೋ ಅವ್ರಿಗೆ ಅದ್ನ ಕೊಡ್ಬೇಕು. ಅದೇ ರೇಟು."

ಬಂಡೆಯಿಂದ ಇಳಿಯುವ ಮೊದಲೇ ಫೋನು ನಡುಗಿತು. ಗುರುತಿಲ್ಲದ ನಂಬರು, ಪಾವಗಡ ಕಡೆಯ ಹೆಂಗಸಿನ ದನಿ, ಅರ್ಧ ತೆಲುಗು ಅರ್ಧ ಕನ್ನಡ. "ಅಕ್ಕಾ, ನೇನು ಚಿಕ್ಕಹನುಮಕ್ಕ. ನಮ್ ಪಾಪ ಕೂಡ ಇಂಟ್ಲೋನೇ, ಮನ್ಯಾಗೇ ಓದ್ತಾ ಐತೆ. ನಿಮ್ ವಾಯ್ಸ್ ಈಗ್ತಾನೇ ಯಾರೋ ನಂಗೆ ಕಳ್ಸಿದ್ರು. ಯಾರಿಗ್ ಏನ್ ಕೊಡ್ಬೇಕೋ ಚೆಪ್ಪು, ಹೇಳಕ್ಕಾ, ಕೊಡ್ತೀನಿ. ಪೆಟ್ಗೆ ಮಾತ್ರ ನಂಗೇ."

ಗೌರಕ್ಕ ಕೆಳಗೆ ನೋಡಿದಳು. ಕುರಿಗಳು ಮುಂದೆ ಹೋಗಿದ್ದವು. ಚಿತ್ರಾ ರಿಮ್ಮನ್ನು ಹೆಗಲಿಗೆ ನೇತುಹಾಕಿಕೊಂಡು, ಪುಸ್ತಕ ಬಿಚ್ಚಿ ಹಿಡಿದು, ದಾರಿ ನೋಡದೆ ಮಾಸ್ತರನ ಹಿಂದೆ ನಡೆಯುತ್ತಿದ್ದಳು.

"ಆಗ್ಲಿ ಕಣವ್ವ" ಎಂದಳು ಗೌರಕ್ಕ. "ಆದ್ರೆ ಮದ್ಲು ನಿಮ್ ಊರಲ್ಲಿ ಕಾಲನಿ ಯಾವ್ ಕಡೆಗೈತೆ ಹೇಳು."